ಹನ್ನೊಂದು ಹನ್ನೆರಡರ ಓದುಗರು



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಬಾಳಿನ ಬಹುಪಾಲನ್ನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತ ಕಳೆದ ಒಬ್ಬ ತಾಯಿ. ತಮ್ಮ ಉಳಿತಾಯವನ್ನು ಠೇವಣಿಯಾಗಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಲಿ, ಅದು ಮಕ್ಕಳ ಓದಿನ ಬಗ್ಗೆಯೇ ಇರಲಿ ಎಂದು ಬರೆದುಕೊಟ್ಟರು. ಅವರ ಹೆಸರು ನಿಮ್ಮ ಕೈಯಲ್ಲಿರುವ ಆಮಂತ್ರಣದಲ್ಲಿದೆ. ಅಂಥವರ ನೆನಪಿನಲ್ಲಿ ಮಾತಾಡುವ ಅವಕಾಶ ನನಗೆ ಸಿಕ್ಕಿದೆ. ನಾನೂ ಮೇಷ್ಟ್ರಾಗಿದ್ದವನಾದ್ದರಿಂದ ಇದನ್ನು ಸಣ್ಣ ಗೌರವ ಎಂದುಕೊಂಡಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಗ್ರಂಥಾಲಯಕ್ಕೆ ನನ್ನನ್ನು ಕರೆದಿದ್ದರು. ಬೆಳಿಗ್ಗೆ ಮಕ್ಕಳಿಗೆ ಒಂದು ಕತೆ ಓದಿ ಹೇಳಿದೆ. ನನ್ನದೇ ಒಂದು ಮಕ್ಕಳ ಕಾದಂಬರಿಯ ನಾಲ್ಕು ಪ್ರತಿಗಳನ್ನು ಅಲ್ಲಿ ಕೊಟ್ಟು ಊಟಕ್ಕೆ ಹೋದೆ. ಮೂರು ಗಂಟೆಯ ಹೊತ್ತಿಗೆ ಬಸ್ಸಿಗೆ ಹೊರಟಾಗ ಆರನೇ ತರಗತಿಯ ಒಬ್ಬ ಹುಡುಗಿ ಹಿಂದೆಯೇ ಓಡಿಬಂದಳು. "ಸಾರ್, ಇದು ಮುಗೀತು. ಇಂಥದ್ದೇ ಇನ್ನೊಂದು ಕೊಡಿ" ಎಂದಳು. ಊಟ ಬಿಟ್ಟು ಹೊಸ್ತಿಲ ಮೇಲೆ ಕೂತು ಓದಿ ಮುಗಿಸಿದ್ದಳಂತೆ. ನನ್ನ ಚೀಲದಲ್ಲಿ ಇನ್ನೊಂದು ಇರಲಿಲ್ಲ. ಮನೆಯಲ್ಲೂ ಇರಲಿಲ್ಲ. ನನ್ನ ಮುಂದಿನ ಪುಸ್ತಕ ಅಚ್ಚಾಗಿ ಬಂದದ್ದು ಎರಡು ವರ್ಷ ಕಳೆದ ಮೇಲೆ. ಆ ಹೊತ್ತಿಗೆ ಆಕೆ ಹೈಸ್ಕೂಲಿನ ಹುಡುಗಿ. ಆ ಪುಸ್ತಕಕ್ಕೆ ಅವಳು ದೊಡ್ಡವಳು.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಹುಡುಗಿ ಕೇಳಿದ ‘ಇನ್ನೊಂದು’ ಎಂಬ ಮಾತಿನಿಂದ ಹುಟ್ಟಿದ್ದು.

ಕನ್ನಡದ ಎಣಿಕೆಯನ್ನು ಸ್ವಲ್ಪ ಗಮನಿಸಿ. ಹದಿಮೂರು, ಹದಿನಾಲ್ಕು, ಹದಿನೈದು ಎಂದು ಹದಿನೆಂಟರವರೆಗೆ ಎಲ್ಲಕ್ಕೂ ‘ಹದಿ’ ಇದೆ. ಹದಿಹರೆಯ ಎಂದು ನಾವು ಕರೆಯುವ ವಯಸ್ಸು ಅಲ್ಲಿಂದ ಶುರುವಾಗುತ್ತದೆ. ಹನ್ನೊಂದು ಹನ್ನೆರಡಕ್ಕೆ ಆ ‘ಹದಿ’ ಇಲ್ಲ. ಅವು ಹತ್ತರ ಮನೆಯನ್ನು ಬಿಟ್ಟು, ಹದಿಯ ಮನೆಯನ್ನು ಇನ್ನೂ ಸೇರದೆ, ನಡುವಿನ ಜಗಲಿಯಲ್ಲಿ ನಿಂತಿವೆ. ನಮ್ಮ ಸಾಹಿತ್ಯದಲ್ಲೂ ಆ ವಯಸ್ಸಿನ ಮಕ್ಕಳು ನಿಂತಿರುವುದು ಅಲ್ಲೇ. ಶಿಶುವಿಗೆ ಪ್ರಾಸವಿದೆ, ಬಾಲರಿಗೆ ಪದ್ಯವಿದೆ, ನೀತಿಕತೆಯಿದೆ. ಹರೆಯದವರಿಗೆ ದೊಡ್ಡವರ ಕಾದಂಬರಿಯೇ ಇದೆ. ಈ ನಡುವಿನವರಿಗೆ ಏನಿದೆ ಎಂದು ಕೇಳಿದರೆ ನಾವು ಬೆರಳು ಮಡಿಸಿ ಎಣಿಸಲು ಶುರು ಮಾಡುತ್ತೇವೆ, ಎರಡನೇ ಕೈಗೆ ಬರುವ ಹೊತ್ತಿಗೆ ನಿಧಾನವಾಗುತ್ತೇವೆ. ಬಂಗಾಳಿಯವರಿಗೆ ‘ಕಿಶೋರ ಸಾಹಿತ್ಯ’ ಎಂಬ ಪ್ರತ್ಯೇಕ ಕಪಾಟೇ ಇದೆ. ಮರಾಠಿಯಲ್ಲಿ ಪಠ್ಯಪುಸ್ತಕ ಮಂಡಳಿಯೇ 1971ರಿಂದ ‘ಕಿಶೋರ’ ಎಂಬ ಮಾಸಿಕವನ್ನು ನಡೆಸುತ್ತ ಬಂದಿದೆ. ಕನ್ನಡದಲ್ಲಿ ಕಿಶೋರ ಎಂಬ ಶಬ್ದ ನಿಘಂಟಿನಲ್ಲಿ ಚೆನ್ನಾಗಿದೆ, ಗ್ರಂಥಾಲಯದ ಕಪಾಟಿನ ಮೇಲೆ ಕಾಣುವುದಿಲ್ಲ.

ಈ ವಯಸ್ಸಿನ ಮಗುವಿಗೆ ಓದು ಎಂದರೇನು? ನಾನು ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಹತ್ತಕ್ಕೆ ಮುಂಚೆ ಮಗು ಅಕ್ಷರ ಕೂಡಿಸುವ ಶ್ರಮದಲ್ಲಿರುತ್ತದೆ. ಹತ್ತರ ಹೊತ್ತಿಗೆ ಆ ಶ್ರಮ ಕಳೆದು ಕಣ್ಣು ಸಾಲಿನ ಮೇಲೆ ತಾನಾಗಿ ಓಡುತ್ತದೆ. ಅದೇ ಹೊತ್ತಿಗೆ ಮಗುವಿಗೆ ಮನೆಯ ಸಂಗತಿಗಳು ಅರ್ಥವಾಗತೊಡಗುತ್ತವೆ. ಅಪ್ಪನ ಸಾಲ, ಅಮ್ಮನ ಮೌನ, ಒಬ್ಬ ಗೆಳೆಯನ ಮನೆಯೊಳಗೆ ತನ್ನನ್ನು ಏಕೆ ಕರೆಯುವುದಿಲ್ಲ ಎಂಬುದು, ಅಕ್ಕ ಇದ್ದಕ್ಕಿದ್ದಂತೆ ಶಾಲೆ ಬಿಟ್ಟದ್ದು. ಇವನ್ನೆಲ್ಲ ಕೇಳಲು ಬಾಯಿ ಬರುವುದಿಲ್ಲ. ಕೇಳಿದರೆ ‘ನಿನಗೇಕೆ ದೊಡ್ಡವರ ಮಾತು’ ಎಂಬ ಉತ್ತರ ಬರುತ್ತದೆ. ಮೈಯಲ್ಲೂ ಬದಲಾವಣೆ ಶುರುವಾಗಿರುತ್ತದೆ. ಅಂಥ ಮಗು ಒಂದು ಪುಸ್ತಕದಲ್ಲಿ ತನ್ನ ವಯಸ್ಸಿನವರನ್ನು ಕಂಡರೆ ಉಸಿರು ಬಿಡುತ್ತದೆ. ಮಾಲ್ಗುಡಿಯ ಸ್ವಾಮಿಗೆ ಹತ್ತು ವರ್ಷ. ಹ್ಯಾರಿ ಪಾಟರ್‌ಗೆ ಮಾಂತ್ರಿಕ ಶಾಲೆಯ ಕಾಗದ ಬಂದದ್ದು ಹನ್ನೊಂದು ತುಂಬುವಾಗ. ಆ ವಯಸ್ಸುಗಳನ್ನು ಲೇಖಕರು ಸುಮ್ಮನೆ ಹಾಕಿದ್ದಲ್ಲ.

ನಮ್ಮ ಮಕ್ಕಳ ಪಾಲಿಗೆ ಇದೇ ವಯಸ್ಸಿನಲ್ಲಿ ಬೇರೊಂದು ಪುಸ್ತಕ ಬರುತ್ತದೆ. ಐದನೇ ತರಗತಿಗೆ ಕಾಲಿಟ್ಟರೆ ನವೋದಯದ ಪ್ರವೇಶ ಪರೀಕ್ಷೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ. ಬಡವರ ಮನೆಯ ಮಗುವಿಗೆ ಅವು ದೊಡ್ಡ ಬಾಗಿಲುಗಳು. ಅವನ್ನು ನಾನು ಕೀಳಾಗಿ ಕಾಣುವುದಿಲ್ಲ, ನನ್ನ ಎಷ್ಟೋ ಶಿಷ್ಯರು ಆ ಬಾಗಿಲಿನಿಂದಲೇ ಮುಂದೆ ಹೋದವರು. ಆದರೆ ಕಣ್ಣು ಸಲೀಸಾಗಿ ಓಡಲು ಕಲಿತ ವರ್ಷವೇ ಪುಸ್ತಕ ಎಂದರೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದು ಎಂದಾಗಿಬಿಡುತ್ತದೆ. ಶಾಲೆಯ ಬೀರುವಿನಲ್ಲಿ ಕತೆ ಪುಸ್ತಕಗಳಿರುತ್ತವೆ. ಅವು ದಾಸ್ತಾನು ಪುಸ್ತಕದಲ್ಲೂ ನಮೂದಾಗಿರುತ್ತವೆ. ಒಂದು ಪ್ರತಿ ಕಳೆದರೆ ಲೆಕ್ಕ ಕೊಡಬೇಕಾದವರು ಮೇಷ್ಟ್ರು, ಹಾಗಾಗಿ ಬೀರುವಿಗೆ ಬೀಗ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಆ ಬೀಗದ ಕೈ ಎರಡು ವರ್ಷ ನನ್ನ ಜೇಬಿನಲ್ಲೇ ಇತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ನೋವಾಗುತ್ತದೆ.

ಆ ಹುಡುಗಿಯ ಲೆಕ್ಕಕ್ಕೆ ಬರುತ್ತೇನೆ. ಹದಿನೈದು ದಿನಕ್ಕೊಂದು ಪುಸ್ತಕ ಓದುವ ಮಗುವಿಗೆ ವರ್ಷಕ್ಕೆ 24 ಪುಸ್ತಕ ಬೇಕು. ಹತ್ತು ತುಂಬಿದಲ್ಲಿಂದ ಹದಿನಾಲ್ಕು ತುಂಬುವವರೆಗೆ ನಾಲ್ಕು ವರ್ಷಕ್ಕೆ 96. ನಾನು ಎರಡು ವರ್ಷಕ್ಕೊಂದು ಪುಸ್ತಕ ಬರೆಯುವವನು. ಅವಳ ಬಾಲ್ಯಕ್ಕೆ ನಾನು ಕೊಡಬಲ್ಲದ್ದು ಎರಡು. ಮಿಕ್ಕ 94ನ್ನು ಯಾರು ಬರೆಯಬೇಕು? ಬರೆದವರಿದ್ದರೆ ಅವರ ಹೆಸರು ಅವಳಿಗೆ ಹೇಳುವವರು ಯಾರು?

ದೊಡ್ಡವರಿಗೆ ಬರೆಯುವ ಲೇಖಕರಿಗೆ ಈ ಕಷ್ಟವಿಲ್ಲ. ಶಿವರಾಮ ಕಾರಂತರ ಓದುಗರು ಇಪ್ಪತ್ತನೇ ವಯಸ್ಸಿನಲ್ಲಿ ಅವರನ್ನು ಹಿಡಿದರೆ ನಲವತ್ತು ವರ್ಷ ಅವರ ಜೊತೆಗೇ ನಡೆದರು, ಮುಂದಿನ ಕಾದಂಬರಿಗೆ ಕಾದರು. ಹನ್ನೊಂದು ಹನ್ನೆರಡರ ಓದುಗರು ಯಾರಿಗೂ ಕಾಯಲಾರರು. ಅವರು ನಾಲ್ಕೇ ವರ್ಷದ ಓದುಗರು. ಈ ವಯಸ್ಸಿಗೆ ಬರೆಯುವವರು ಎಷ್ಟೇ ದೊಡ್ಡ ಪ್ರತಿಭೆಯಾಗಿರಲಿ, ಒಂಟಿಯಾಗಿದ್ದರೆ ಸೋಲುತ್ತಾರೆ. ಒಂದು ಒಳ್ಳೆಯ ಪುಸ್ತಕದಿಂದ ಹಸಿವು ಹುಟ್ಟಿಸಿ ಮಗುವನ್ನು ಬರಿಗೈಲಿ ಕಳಿಸುತ್ತಾರೆ. ಆದ್ದರಿಂದ ಈ ಸಾಹಿತ್ಯಕ್ಕೆ ಲೇಖಕರ ಕೂಟ ಬೇಕೇ ಬೇಕು. ಅಂಥ ಒಂದು ಕೂಟ ಹೇಗೆ ನಡೆಯಿತು ಎಂಬುದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಉದಾಹರಣೆ ಕೋಲ್ಕತ್ತದ್ದು.

ಸಂದೇಶ್ ಎಂದರೆ ಅಲ್ಲಿ ಎರಡು ಅರ್ಥ. ಸುದ್ದಿ ಎಂಬುದೊಂದು, ಛೇನಾದಿಂದ ಮಾಡುವ ಸಿಹಿ ಎಂಬುದೊಂದು. 1913ರಲ್ಲಿ ಉಪೇಂದ್ರಕಿಶೋರ ರಾಯ್‌ಚೌಧುರಿ ಮಕ್ಕಳ ಮಾಸಿಕಕ್ಕೆ ಆ ಹೆಸರಿಟ್ಟರು. ಅವರು ಬರಹಗಾರರು, ಚಿತ್ರಕಾರರು, ಪಿಟೀಲು ನುಡಿಸಬಲ್ಲವರು. ಇದಕ್ಕಿಂತ ಹೆಚ್ಚಾಗಿ ಅಚ್ಚಿನ ವಿಜ್ಞಾನ ಬಲ್ಲವರು. ಹಾಫ್‌ಟೋನ್ ಚಿತ್ರ ಮುದ್ರಣದ ಬಗ್ಗೆ ಅವರು ಬರೆದ ಲೇಖನಗಳು ಇಂಗ್ಲೆಂಡಿನ ಮುದ್ರಣ ಪತ್ರಿಕೆಯಲ್ಲಿ ಪ್ರಕಟವಾದವು. ಮಕ್ಕಳ ಪುಸ್ತಕದಲ್ಲಿ ತಮ್ಮ ಚಿತ್ರಗಳು ಕೆಟ್ಟದಾಗಿ ಅಚ್ಚಾದುದನ್ನು ನೋಡಲಾರದೆ ಅವರು ಆ ವಿದ್ಯೆಯನ್ನು ಕಲಿಯಲು ಹೊರಟವರು. ಗರ್‌ಪಾರ್ ರಸ್ತೆಯ ಮನೆಯಲ್ಲೇ ಅಚ್ಚುಕೂಟ. ಪತ್ರಿಕೆ ಶುರುವಾಗಿ ಮೂರು ವರ್ಷ ತುಂಬುವ ಮೊದಲೇ, 1915ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಮಗ ಸುಕುಮಾರ ರಾಯ್ ಹೊಣೆ ಹೊತ್ತರು. ಬಂಗಾಳಿ ಮಕ್ಕಳು ಇವತ್ತಿಗೂ ಬಾಯಿಪಾಠ ಹೇಳುವ ವಿನೋದ ಪದ್ಯಗಳು ಅವರವು. ಸುಕುಮಾರರೂ 1923ರಲ್ಲಿ ಕಾಲಾ ಅಜಾರ್ ಜ್ವರದಿಂದ, ಇನ್ನೂ ಮೂವತ್ತಾರು ತುಂಬದೆ, ಹೋಗಿಬಿಟ್ಟರು. ಅವರ ಮಗನಿಗೆ ಆಗ ಎರಡು ವರ್ಷ ದಾಟಿತ್ತು ಅಷ್ಟೆ. ಮುಂದೆ ವ್ಯಾಪಾರ ಮುಳುಗಿತು, ಮನೆ ಕೈಬಿಟ್ಟಿತು. ಪತ್ರಿಕೆ ನಿಂತಿತು, ಒಮ್ಮೆ ಎದ್ದಿತು, ಮತ್ತೆ ನಿಂತಿತು.

ಆ ಎರಡು ವರ್ಷದ ಮಗುವೇ ಸತ್ಯಜಿತ್ ರೇ. 1961ರ ಹೊತ್ತಿಗೆ ಅವರು ‘ಪಥೇರ್ ಪಾಂಚಾಲಿ’ ಮೊದಲಾದ ಮೂರು ಚಿತ್ರಗಳಿಂದ ಲೋಕಕ್ಕೆಲ್ಲ ಗೊತ್ತಾಗಿದ್ದರು. ರವೀಂದ್ರರ ಜನ್ಮಶತಮಾನೋತ್ಸವದ ಆ ವರ್ಷ ಅವರ ಕೈತುಂಬ ಕೆಲಸವಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಅವರು ಕವಿ ಸುಭಾಷ್ ಮುಖೋಪಾಧ್ಯಾಯರ ಜೊತೆ ಸೇರಿ ತಾತನ ಪತ್ರಿಕೆಯನ್ನು ಮತ್ತೆ ಹೊರಡಿಸಿದರು. ಈ ಸಂಗತಿಯನ್ನು ಅನೇಕರು ಕುಟುಂಬಾಭಿಮಾನ ಎಂದು ಹೇಳಿ ಮುಗಿಸುತ್ತಾರೆ. ನನಗೆ ಮುಖ್ಯವೆನಿಸುವುದು ಎರಡು ವರ್ಷದ ಮೇಲೆ ನಡೆದದ್ದು. 1963ರಲ್ಲಿ ಪತ್ರಿಕೆಯ ಹೊಣೆಯನ್ನು ಒಂದು ಸಹಕಾರ ಸಂಘಕ್ಕೆ ವಹಿಸಲಾಯಿತು. ಅದರ ಹೆಸರು ಸುಕುಮಾರ್ ಸಾಹಿತ್ಯ ಸಮಬಾಯ್ ಸಮಿತಿ. ಸಮಬಾಯ್ ಎಂದರೆ ಸಹಕಾರ. ನಮ್ಮ ಹಾಲಿನ ಸಂಘ, ಕೃಷಿ ಪತ್ತಿನ ಸಂಘ ಇವೆಯಲ್ಲ, ಅದೇ ಜಾತಿಯದು. ಲಾಭಕ್ಕಾಗಿ ನಡೆಸುವ ಪತ್ರಿಕೆ ಅದಾಗಿರಲಿಲ್ಲ. ಒಬ್ಬ ಮನುಷ್ಯ ತೀರಿಕೊಂಡರೆ, ಒಂದು ಕುಟುಂಬ ದಿವಾಳಿಯಾದರೆ ಪತ್ರಿಕೆ ಸಾಯುತ್ತದೆ ಎಂಬ ಪಾಠವನ್ನು ಆ ಮನೆ ತನ್ನ ಮೈಮೇಲೆಯೇ ಕಲಿತಿತ್ತು.

ಆ ಕೂಟದ ಸಂಪಾದಕರಾಗಿ ಬಂದವರಲ್ಲಿ ಇಬ್ಬರು ಹೆಂಗಸರನ್ನು ಹೆಸರಿಸಲೇಬೇಕು. ಒಬ್ಬರು ಲೀಲಾ ಮಜುಂದಾರ್. ಉಪೇಂದ್ರಕಿಶೋರರ ತಮ್ಮನ ಮಗಳು, ಸತ್ಯಜಿತರಿಗೆ ಸೋದರತ್ತೆಯ ವರಸೆ. 1908ರಲ್ಲಿ ಹುಟ್ಟಿ 2007ರವರೆಗೆ ಬಾಳಿದವರು. ಹುಡುಗಿಯಾಗಿದ್ದಾಗ ಅವರ ಮೊದಲ ಕತೆ ಅಚ್ಚಾದದ್ದು ಅದೇ ‘ಸಂದೇಶ್’ನಲ್ಲಿ, 1922ರಲ್ಲಿ. ಮಗುವಾಗಿ ಓದಿ ಬರೆದ ಪತ್ರಿಕೆಗೆ ಐವತ್ತು ದಾಟಿದ ಮೇಲೆ ಸಂಪಾದಕಿಯಾಗಿ ಮರಳಿದರು. ಇನ್ನೊಬ್ಬರು ನಳಿನಿ ದಾಸ್, ಸುಕುಮಾರರ ತಂಗಿಯ ಮಗಳು, ಬೆಥೂನ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಪತ್ರಿಕೆಯ ದಿನನಿತ್ಯದ ಕೆಲಸ ನಡೆಯುತ್ತಿದ್ದದ್ದು ಅವರ ಮನೆಯಲ್ಲೇ. ಪ್ರಕಾಶನದ ಭಾರ ಹೊತ್ತವರು ಅವರ ಗಂಡ ಅಶೋಕಾನಂದ ದಾಸ್, ಕವಿ ಜೀವನಾನಂದ ದಾಸರ ತಮ್ಮ. ಲೇಖನ ಓದುವುದು, ಕರಡು ತಿದ್ದುವುದು, ಚಂದಾದಾರರ ವಿಳಾಸ ಬರೆಯುವುದು ಇವೆಲ್ಲ ಯಾವ ಸಾಹಿತ್ಯ ಚರಿತ್ರೆಯಲ್ಲೂ ಬರುವುದಿಲ್ಲ. ಆ ಕೆಲಸ ನಡೆಯದೆ ಇದ್ದರೆ ಸತ್ಯಜಿತರ ಕತೆ ಒಂದು ಮಗುವನ್ನೂ ಮುಟ್ಟುತ್ತಿರಲಿಲ್ಲ.

ಕೂಟದಿಂದ ಬಂದದ್ದನ್ನು ನೋಡಿ. ಸಿನಿಮಾ ನಿರ್ದೇಶಕರಾಗಿದ್ದ ರೇ, ಪತ್ರಿಕೆಗೆ ಪುಟ ತುಂಬಬೇಕಾದದ್ದರಿಂದಲೇ ಬಂಗಾಳಿಯ ಕತೆಗಾರರಾದರು. ಪ್ರೊಫೆಸರ್ ಶೊಂಕು ಎಂಬ ವಿಜ್ಞಾನಿ 1961ರಲ್ಲಿ ಅಲ್ಲಿ ಹುಟ್ಟಿದ. ಫೆಲೂದಾ ಎಂಬ ಪತ್ತೇದಾರ 1965ರಲ್ಲಿ ಅಲ್ಲೇ ಹುಟ್ಟಿದ. ಅವನ ಕತೆಯನ್ನು ಹೇಳುವವನು ತೋಪ್ಸೆ ಎಂಬ ಹುಡುಗ, ಓದುಗರದ್ದೇ ಓರಗೆಯವನು. ಪತ್ತೇದಾರ ದೊಡ್ಡವನು, ಕಣ್ಣು ಮಾತ್ರ ಹುಡುಗನದು. ನಳಿನಿ ದಾಸರು ನಾಲ್ಕು ಹುಡುಗಿಯರ ಪತ್ತೇದಾರಿ ತಂಡವನ್ನೇ ಕಟ್ಟಿದರು. ಹಾಸ್ಟೆಲಿನಲ್ಲಿರುವ ಆ ನಾಲ್ವರ ಅಡ್ಡಹೆಸರುಗಳೂ ‘ಲು’ ಎಂದು ಮುಗಿಯುತ್ತವೆ. ಬಂಗಾಳಿಯಲ್ಲಿ ಗಂಡಾ ಎಂದರೆ ನಾಲ್ಕರ ಲೆಕ್ಕ. ಆದ್ದರಿಂದ ತಂಡಕ್ಕೆ ಗಂಡಾಲು ಎಂದು ಹೆಸರು. ಹುಡುಗರ ಸಾಹಸಗಳೇ ತುಂಬಿದ್ದ ಕಾಲದಲ್ಲಿ ಹುಡುಗಿಯರು ರಾತ್ರಿ ಟಾರ್ಚು ಹಿಡಿದು ಹೊರಟ ಕತೆಗಳವು. ಲೀಲಾ ಮಜುಂದಾರರ ದಾರಿ ಬೇರೆ, ವಿಚಿತ್ರ ಅಜ್ಜಿಯರು, ಕಳೆದುಹೋದ ಪೆಟ್ಟಿಗೆಗಳು, ಕೆಡುಕಿಲ್ಲದ ದೆವ್ವಗಳು. ಪತ್ತೇದಾರಿಗೆಂದು ಸಂಚಿಕೆ ಕೊಂಡ ಹುಡುಗ ಪಕ್ಕದ ಪುಟದಲ್ಲಿ ದೆವ್ವವನ್ನು ಕಂಡ, ದೆವ್ವಕ್ಕೆಂದು ಬಂದ ಹುಡುಗಿ ವಿಜ್ಞಾನಿಯನ್ನು ಕಂಡಳು. ‘ಇನ್ನೊಂದು ಕೊಡಿ’ ಎಂಬ ಮಾತಿಗೆ ಆ ಕೂಟ ಪ್ರತಿ ತಿಂಗಳೂ ಉತ್ತರ ಕೊಟ್ಟಿತು.

ಇನ್ನೊಂದು ವಿಭಾಗವಿತ್ತು. ಹೆಸರನ್ನು ಕನ್ನಡಕ್ಕೆ ತಂದರೆ ‘ಕೈ ಪಳಗಿಸುವ ಕೂಟ’ ಎಂದಾಗುತ್ತದೆ. ಅದರಲ್ಲಿ ಬರೆಯುವವರು ಓದುಗ ಮಕ್ಕಳೇ. ಪ್ರಕೃತಿಯನ್ನು ಗಮನಿಸಿ ಬರೆಯುವ ಮಕ್ಕಳಿಗೆ ಬೇರೆ ಪುಟವಿತ್ತು. ಇದನ್ನು ನಾವು ಪತ್ರಿಕೆಯ ಅಲಂಕಾರ ಎಂದುಕೊಳ್ಳಬಾರದು. ಹನ್ನೆರಡರ ಮಗು ದೊಡ್ಡವರ ಮಾತನ್ನು ಕೇಳಿಸಿಕೊಳ್ಳುವುದಕ್ಕಿಂತ ತನ್ನ ಮಾತು ಎಲ್ಲಾದರೂ ನಿಲ್ಲುತ್ತದೆಯೇ ಎಂದು ಹೆಚ್ಚು ಹುಡುಕುತ್ತದೆ. ಲೀಲಾ ಮಜುಂದಾರರ ಕತೆ ಅದಕ್ಕೆ ಸಾಕ್ಷಿ.

ಆ ಪ್ರಯೋಗದ ಕೊರತೆಯನ್ನೂ ಹೇಳಬೇಕು. ಸಹಕಾರ ಸಂಘವಿದ್ದರೂ ಅದರ ಕಂಬಗಳು ಒಂದೇ ಮನೆತನದವು. 1992ರಲ್ಲಿ ಸತ್ಯಜಿತರು, 1993ರಲ್ಲಿ ನಳಿನಿಯವರು ತೀರಿಕೊಂಡರು, ಲೀಲಾ ಮಜುಂದಾರರು ಮುಪ್ಪಾದರು. ಪತ್ರಿಕೆ ಉಳಿಯಿತು, ಹಳೆಯ ಓಟ ಉಳಿಯಲಿಲ್ಲ. ಕೂಟ ಕಟ್ಟುವಾಗ ಮುಂದಿನ ತಲೆಮಾರಿನ ಲೇಖಕರನ್ನು ಮೊದಲ ದಿನದಿಂದಲೇ ಒಳಗೆ ಕೂರಿಸಬೇಕು ಎಂದು ನಾನು ಇದರಿಂದ ತಿಳಿದುಕೊಂಡೆ.

ಕೂಟದ ಇನ್ನೊಂದು ಉದಾಹರಣೆ ದೆಹಲಿಯದು. ಅಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದರು. 1981ರಲ್ಲಿ ಅವರೇ ಮಕ್ಕಳಿಗಾಗಿ ಬರೆಯುವವರ ಮತ್ತು ಚಿತ್ರ ಬರೆಯುವವರ ಒಂದು ಸಂಘವನ್ನು ಹುಟ್ಟುಹಾಕಿದರು. ಬರೆಯುವವರನ್ನೂ ಚಿತ್ರ ಬರೆಯುವವರನ್ನೂ ಒಂದೇ ಸಂಘದಲ್ಲಿ ಕೂರಿಸಿದ ಆ ಯೋಚನೆ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಚಿತ್ರಕಾರರ ಹೆಸರು ಇನ್ನೂ ಪುಸ್ತಕದ ಒಳಪುಟದ ಸಣ್ಣ ಅಕ್ಷರದಲ್ಲೇ ಇದೆ.

ಈಗ ನಮ್ಮ ಮನೆಗೆ ಬರೋಣ. ಕನ್ನಡಕ್ಕೆ ಈ ವಿಚಾರ ಹೊಸದೇನಲ್ಲ. ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿ, ತರಗತಿಯಲ್ಲಿ ತಾವೇ ನಿಂತು ಹಾಡಿ ಕತೆ ಹೇಳಿದ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು. ಮಂಡಲ ಎಂಬ ಶಬ್ದವನ್ನು ಗಮನಿಸಿ. ಮಕ್ಕಳ ಸಾಹಿತ್ಯ ಒಬ್ಬರ ಕೆಲಸವಲ್ಲ ಎಂಬುದನ್ನು ಆ ಹೆಸರೇ ಹೇಳುತ್ತದೆ. ಆದರೆ ಆಮೇಲೆ ನಾವು ಒಂಟಿ ಸಾಹಸಗಳ ದಾರಿ ಹಿಡಿದೆವು. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ಹೊರತಂದರು. ಅನುಪಮಾ ನಿರಂಜನರು ‘ದಿನಕ್ಕೊಂದು ಕಥೆ’ಯ ಹನ್ನೆರಡು ಭಾಗಗಳಲ್ಲಿ ವರ್ಷದ ಪ್ರತಿ ದಿನಕ್ಕೂ ಒಂದು ಕತೆಯನ್ನು ಒಬ್ಬರೇ ಬರೆದುಕೊಟ್ಟರು. ರಾಜರತ್ನಂ ಮಕ್ಕಳ ಪದ್ಯಕ್ಕೆ ತಮ್ಮನ್ನೇ ಕೊಟ್ಟುಕೊಂಡರು. ಇವುಗಳ ಮುಂದೆ ನಾನು ತಲೆಬಾಗುತ್ತೇನೆ. ಆದರೂ ಹೇಳುತ್ತೇನೆ: ಕಾರಂತರಂಥವರು ಹುಟ್ಟುವವರೆಗೆ ಕಾಯುವ ಭಾಷೆಯಲ್ಲಿ ಎಷ್ಟೋ ತಲೆಮಾರಿನ ಮಕ್ಕಳು ಓದದೆ ಬೆಳೆದುಹೋಗುತ್ತಾರೆ.

ಕೂಡಿ ಮಾಡಿದಾಗ ಏನಾಯಿತು ಎಂಬುದೂ ನಮ್ಮ ಕಣ್ಣಮುಂದಿದೆ. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಬಂತು, ಕಿರಿಯರ ವಿಶ್ವಕೋಶ. ಅದನ್ನು ಹೊರತಂದದ್ದು ಕರ್ನಾಟಕ ಸಹಕಾರೀ ಪ್ರಕಾಶನ ಮಂದಿರ. ಸಹಕಾರೀ! ಕೋಲ್ಕತ್ತದ ಆ ಸಮಬಾಯ್ ಇಲ್ಲಿಯೂ ಇತ್ತು. ವಿಜ್ಞಾನಿಗಳು, ಅಧ್ಯಾಪಕರು, ಸಾಹಿತಿಗಳು ಕಿರಿಯರಿಗಾಗಿ ಅದರಲ್ಲಿ ಬರೆದರು. ನಮ್ಮ ತಲೆಮಾರಿನ ಅನೇಕರು ನಕ್ಷತ್ರ, ಜೀವಕೋಶ, ಕ್ರಾಂತಿ ಎಂಬ ಶಬ್ದಗಳನ್ನು ಕನ್ನಡದಲ್ಲೇ ಕಲಿತದ್ದು ಆ ದಪ್ಪ ಸಂಪುಟಗಳಿಂದ. ಎಲ್.ಎಸ್. ಶೇಷಗಿರಿ ರಾಯರ ಸಂಪಾದಕತ್ವದ ‘ಭಾರತ-ಭಾರತಿ’ ಮಾಲೆ ಇನ್ನೊಂದು. 510 ಪುಟ್ಟ ಪುಸ್ತಕಗಳು. ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಗಾತ್ರ, ಹುಡುಗರು ತಾವೇ ಕೊಳ್ಳಬಹುದಾದ ಬೆಲೆ. ಒಂದು ಓದಿದರೆ ಹಿಂಬದಿಯಲ್ಲಿ ಇನ್ನಷ್ಟು ಹೆಸರು. ನಾವು ಅವನ್ನು ಬೆಂಕಿಪೊಟ್ಟಣದ ಚಿತ್ರಗಳಂತೆ ಕೂಡಿಹಾಕಿದವರು, ಅದಲು ಬದಲು ಮಾಡಿಕೊಂಡವರು. 510 ಪುಸ್ತಕಗಳನ್ನು ಯಾವ ಒಬ್ಬ ಲೇಖಕನೂ ಬರೆಯಲಾರ. ಅವು ಮಹನೀಯರ ಜೀವನಚರಿತ್ರೆಗಳು; ಅವುಗಳಲ್ಲಿ ನಾವು ಕಂಡದ್ದು ಬೆಳೆದು ನಿಂತವರನ್ನು. ಹೆದರಿದ, ಸೋತ, ಸುಳ್ಳು ಹೇಳಿ ಸಿಕ್ಕಿಬಿದ್ದ ಹನ್ನೆರಡರ ಹುಡುಗನನ್ನು ಕಾಣಲು ನಮಗೆ ಕಾದಂಬರಿಯೇ ಬೇಕಾಗಿತ್ತು.

ಆ ಕಾದಂಬರಿಗಳು ಈಗ ಬರುತ್ತಿವೆ ಎಂಬುದು ನನ್ನ ಸಂತೋಷ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮೊದಲ ವರ್ಷ ಕನ್ನಡದಲ್ಲಿ ಅದು ಸಂದದ್ದು ಬೊಳುವಾರು ಮಹಮದ್ ಕುಂಞಿಯವರಿಗೆ, ಗಾಂಧಿಯನ್ನು ಪಾಪುವಾಗಿ ಕಂಡು ಬರೆದ ಪುಸ್ತಕಕ್ಕೆ. ಮರುವರ್ಷ ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. ಶರಾವತಿಯ ನೀರಿನಲ್ಲಿ ಊರುಗಳು ಮುಳುಗಿದ ದುಃಖವನ್ನು ದೊಡ್ಡವರ ಕಾದಂಬರಿಗಳಲ್ಲಿ ಬರೆದವರು ಅದನ್ನು ಮಕ್ಕಳ ಮುಂದೆ ಇಡಲೂ ಹಿಂಜರಿಯಲಿಲ್ಲ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಇವೆಲ್ಲ ಈಚಿನ ವರ್ಷಗಳಲ್ಲಿ ಅದೇ ಪುರಸ್ಕಾರ ಪಡೆದವು. ಧಾರವಾಡ, ಸಿದ್ದಾಪುರದ ಮಲೆನಾಡು, ಕುಂದಾಪುರದ ಕಡೆಯ ಹಾಲಾಡಿ, ಹೀಗೆ ಇವರೆಲ್ಲ ಬೇರೆ ಬೇರೆ ಸೀಮೆಯವರು. ಇವರ ಮಕ್ಕಳ ಮಾತಿಗೆ ಆಯಾ ಸೀಮೆಯ ಕನ್ನಡವಿದೆ. ಇಷ್ಟು ಒಳ್ಳೆಯ ಬೆಳೆ ಬಂದಿರುವಾಗ ಸಂತೆಯಲ್ಲಿ ರಾಶಿ ಕಾಣದಿದ್ದರೆ ತಪ್ಪು ಹೊಲದ್ದಲ್ಲ.

ತಪ್ಪು ಎಲ್ಲಿದೆ? ನಮ್ಮ ಪುಸ್ತಕಗಳು ಒಂದೊಂದಾಗಿ, ಬೇರೆ ಬೇರೆ ಊರಿನ ಪ್ರಕಾಶಕರಿಂದ, ಬೇರೆ ಬೇರೆ ಆಕಾರದಲ್ಲಿ ಹೊರಬರುತ್ತವೆ. ಬಿಡುಗಡೆಯ ದಿನ ಹಾರ, ಭಾಷಣ, ಊಟ. ಸಭೆಯಲ್ಲಿ ಮಕ್ಕಳಿದ್ದರೆ ಅವರು ಸ್ವಾಗತ ಗೀತೆ ಹಾಡಲು ಬಂದವರು. ಆಮೇಲೆ ಪ್ರತಿಗಳು ಲೇಖಕರ ಮನೆಯ ಮಂಚದ ಕೆಳಗೆ ಹೋಗುತ್ತವೆ. ನನ್ನ ಮಂಚದ ಕೆಳಗೂ ಇದ್ದವು. ಇಂಗ್ಲಿಷ್ ಓದುವ ಪಟ್ಟಣದ ಮಗುವಿಗೆ ‘ವಿಂಪಿ ಕಿಡ್’ ಎಂಬ ಒಂದು ಹೆಸರು ಗೊತ್ತಾದರೆ ಸಾಲಾಗಿ ಹತ್ತಾರು ಪುಸ್ತಕ ಸಿಗುತ್ತವೆ, ಅದು ಮುಗಿದರೆ ಅಂಗಡಿಯವರೇ ಇನ್ನೊಂದು ಸಾಲು ತೋರಿಸುತ್ತಾರೆ. ಕನ್ನಡ ಓದುವ ಹಳ್ಳಿಯ ಮಗುವಿಗೆ ಒಂದು ಪುಸ್ತಕ ಮೆಚ್ಚುಗೆಯಾದರೆ ಮುಂದಿನದನ್ನು ತೋರಿಸುವ ಬೆರಳು ಇಲ್ಲ. ಮಕ್ಕಳು ಕನ್ನಡ ಓದುವುದಿಲ್ಲ ಎಂದು ವೇದಿಕೆಗಳಲ್ಲಿ ಮರುಗುವವರನ್ನು ಕೇಳುವಾಗಲೆಲ್ಲ ನನಗೆ ಬಸ್ಸಿಗೆ ಹೊರಟವನ ಹಿಂದೆ ಓಡಿಬಂದ ಆ ಹುಡುಗಿಯೇ ಕಣ್ಣಿಗೆ ಬರುತ್ತಾಳೆ. ಅವಳು ಓದಿದಳು. ನಾವು ಕೊಡಲಿಲ್ಲ.

ಹಿಂದಿನ ಲೇಖಕರು ತಮ್ಮ ಪುಸ್ತಕ ಮಾರುವುದನ್ನು ನಾಚಿಕೆ ಎಂದುಕೊಂಡಿರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ನಾನು ಇವತ್ತು ಕೇಳುವುದು ಅದಕ್ಕಿಂತ ಸುಲಭದ್ದು, ಒಂದು ರೀತಿಯಲ್ಲಿ ಅದಕ್ಕಿಂತ ಕಷ್ಟದ್ದು. ನಮ್ಮ ಪುಸ್ತಕವನ್ನಲ್ಲ, ಇನ್ನೊಬ್ಬರ ಪುಸ್ತಕವನ್ನು ಹೊತ್ತುಕೊಂಡು ಹೋಗುವುದು. ನನ್ನ ಕಾದಂಬರಿ ಮುಗಿಸಿದ ಮಗುವಿಗೆ ಬಸು ಬೇವಿನಗಿಡದ ಅವರ ಹೆಸರನ್ನು ನಾನೇ ಹೇಳಬೇಕು. ನನ್ನ ಪುಸ್ತಕದ ಕೊನೆಯ ಪುಟದಲ್ಲಿ ನನ್ನ ಬಿರುದು ಪ್ರಶಸ್ತಿಗಳ ಬದಲು, ಇದು ಹಿಡಿಸಿದರೆ ಮುಂದೆ ಇವನ್ನು ಓದು ಎಂದು ಬೇರೆಯವರ ಐದು ಪುಸ್ತಕಗಳ ಹೆಸರಿರಬೇಕು. ನನ್ನ ಈಚಿನ ಪುಸ್ತಕದಲ್ಲಿ ಹಾಗೆ ಮಾಡಿದ್ದೇನೆ. ಪ್ರಕಾಶಕರು ಮೊದಲು ಒಪ್ಪಲಿಲ್ಲ, ಬೇರೆಯವರ ಮಾಲಿಗೆ ನಾವೇಕೆ ಪುಟ ಕೊಡಬೇಕು ಎಂದರು. ಎರಡು ಸಲ ಹೋಗಿ ಕೂತು ಮಾತಾಡಿದ ಮೇಲೆ ಒಪ್ಪಿದರು.

ಪುಸ್ತಕ ತೆಗೆದುಕೊಂಡು ಹೋಗಲು ಜಾಗವೂ ಈಗ ಇದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳು. 2020ರಲ್ಲಿ ಸರ್ಕಾರ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕಟ್ಟಡವಿದೆ, ಮೇಲ್ವಿಚಾರಕರಿದ್ದಾರೆ, ಸಂಜೆ ಶಾಲೆ ಬಿಟ್ಟ ಮಕ್ಕಳು ಬರುತ್ತಾರೆ. ಅಲ್ಲಿ ಬೀಗವಿಲ್ಲದ ಒಂದು ಕಪಾಟು ಬೇಕು. ಅದರ ಮೇಲೆ ‘ಹತ್ತರಿಂದ ಹದಿನಾಲ್ಕು’ ಎಂದು ಬರೆದಿರಬೇಕು. ಅದನ್ನು ತುಂಬಿಸುವುದು ಇಲಾಖೆಯ ಕೆಲಸವೊಂದೇ ಎಂದು ನಾವು ಕೈಕಟ್ಟಿ ಕೂರಬಾರದು. ಒಂದು ಜಿಲ್ಲೆಯಲ್ಲಿ ಮಕ್ಕಳಿಗೆ ಬರೆಯುವ ಹತ್ತು ಮಂದಿ ಸಿಗುವುದು ಕಷ್ಟವಲ್ಲ. ಹತ್ತು ಮಂದಿ ಸೇರಿದರೆ ಒಬ್ಬೊಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ಕೂತು ಪರಸ್ಪರ ಕರಡು ಓದಬಹುದು. ಆ ಕರಡನ್ನು ಇಬ್ಬರು ಏಳನೇ ತರಗತಿಯ ಮಕ್ಕಳಿಗೂ ಕೊಟ್ಟು, ಎಲ್ಲಿ ಬೇಸರವಾಯಿತೋ ಅಲ್ಲಿ ಗೆರೆ ಹಾಕು ಎನ್ನಬಹುದು. ನನ್ನ ಹಸ್ತಪ್ರತಿಯೊಂದರ ಮೂರನೇ ಅಧ್ಯಾಯದಲ್ಲಿ ಅಂಥ ಒಂದು ಗೆರೆ ಅಡ್ಡಲಾಗಿ ಪುಟದುದ್ದಕ್ಕೂ ಬಿತ್ತು. ಆ ಅಧ್ಯಾಯವನ್ನು ತೆಗೆದೆ, ಕಾದಂಬರಿ ನೇರವಾಯಿತು.

ಲೇಖಕರು ಕೂಡಿದರೆ ಜಗಳವಾಗುತ್ತದೆ, ಗುಂಪುಗಾರಿಕೆ ಬರುತ್ತದೆ ಎಂದು ಈ ಸಭೆಯಲ್ಲೇ ಕೆಲವರು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ಬರಬಹುದು. ಆದರೆ ನಾವು ಪ್ರಶಸ್ತಿಗಾಗಿ ಸೇರಿದರೆ ಜಗಳವಾದೀತು, ಚಂದಾದಾರರ ವಿಳಾಸ ಬರೆಯಲು ಸೇರಿದರೆ ಜಗಳಕ್ಕೆ ಬಿಡುವೇ ಇರುವುದಿಲ್ಲ. ಅದಕ್ಕೇ ನಳಿನಿ ದಾಸರ ಮನೆಯ ಬಗ್ಗೆ ಅಷ್ಟು ಹೊತ್ತು ಹೇಳಿದೆ.

ಈ ದತ್ತಿಯ ನಿಯಮದಂತೆ ಉಪನ್ಯಾಸಕರಿಗೆ ಗೌರವಧನವಿದೆ. ಅದರಲ್ಲಿ ಈ ವಯಸ್ಸಿನ ಮಕ್ಕಳಿಗಾಗಿ ಈಗ ಬರೆಯುತ್ತಿರುವ ಕನ್ನಡ ಲೇಖಕರ ಇಪ್ಪತ್ತನಾಲ್ಕು ಪುಸ್ತಕಗಳನ್ನು ಕೊಂಡು ತಂದಿದ್ದೇನೆ. ಒಂದು ಮಗುವಿನ ಒಂದು ವರ್ಷದ ಓದು ಅದು. ನನ್ನ ಪುಸ್ತಕ ಅದರಲ್ಲಿಲ್ಲ. ಸಭೆ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿರುವ ಆರು ಮತ್ತು ಏಳನೇ ತರಗತಿಯ ಮಕ್ಕಳು ಬಂದು ತಮಗೆ ಬೇಕಾದ್ದನ್ನು ತೆಗೆದುಕೊಂಡು ಹೋಗಲಿ, ಓದಿ ಇಲ್ಲಿಯ ಗ್ರಂಥಾಲಯದಲ್ಲಿ ಇಡಲಿ, ಇನ್ನೊಬ್ಬರು ಒಯ್ಯಲಿ. ಲೇಖಕ ಮಿತ್ರರಲ್ಲಿ ನನ್ನ ಕೋರಿಕೆ ಒಂದೇ. ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಕೋಣೆಯಲ್ಲಿ ಕೂಡೋಣ. ಬರುವಾಗ ನೀವು ಬರೆಯದ, ಆದರೆ ನೀವು ಮೆಚ್ಚಿದ ಎರಡು ಮಕ್ಕಳ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಬನ್ನಿ.